ಒಲಿಂಪಿಯಾದಲ್ಲಿ ಗುಂಡು ಎಸೆದ ದಿನ

ಗುಂಡು ಎಸೆತಕ್ಕೆ ಮೈದಾನದಲ್ಲಿ ಯಾವತ್ತೂ ಮೂಲೆಯೇ ಗತಿ. ಕಾಲೇಜಿನಲ್ಲಿ ನಾನು ನಾಲ್ಕು ಕೆ.ಜಿ. ಗುಂಡು ಎಸೆಯುತ್ತಿದ್ದಾಗ, ನಮ್ಮ ಫೈನಲ್ ಹೊತ್ತಿಗೆ ಸರಿಯಾಗಿ ಆ ಕಡೆ ರಿಲೇ ಶುರುವಾಗುತ್ತಿತ್ತು. ಜನರೆಲ್ಲ ನಮಗೆ ಬೆನ್ನು ಹಾಕಿ ನಿಲ್ಲುತ್ತಿದ್ದರು. ಟೇಪು ಹಿಡಿದ ಹುಡುಗನ ಕಣ್ಣೂ ಅತ್ತಲೇ. ಅದಕ್ಕೇ 2004ರ ಅಥೆನ್ಸ್ ಒಲಿಂಪಿಕ್ಸ್ ಅಂದರೆ ನನಗೆ ಸ್ವಲ್ಪ ಜಾಸ್ತಿ ಪ್ರೀತಿ. ಆ ಸಲ ಬೇರೆಲ್ಲ ಸ್ಪರ್ಧೆಗಳನ್ನು ಬಿಟ್ಟು, ನಮ್ಮ ಗುಂಡು ಎಸೆತವನ್ನು ಮಾತ್ರ, ಪುರಾತನ ಒಲಿಂಪಿಕ್ಸ್ ನಡೆಯುತ್ತಿದ್ದ ಒಲಿಂಪಿಯಾದ ಹಳೇ ಮೈದಾನಕ್ಕೆ ಕರೆದುಕೊಂಡು ಹೋದರು.

ಹಳೇ ಸ್ಟೇಡಿಯಂ ಅಂದ ಕೂಡಲೇ ಎಲ್ಲರೂ ರೋಮ್‌ನ ಕೊಲೋಸಿಯಂ ಹೆಸರು ಹೇಳುತ್ತಾರೆ. ಅದು ಶುರುವಾಗಿದ್ದು ಕ್ರಿ.ಶ. 80ರಲ್ಲಿ. ಅಲ್ಲಿ ನಡೆಯುತ್ತಿದ್ದದ್ದನ್ನು ಆಟ ಅನ್ನೋಕೆ ನನಗಂತೂ ಬಾಯಿ ಬರಲ್ಲ. ಒಲಿಂಪಿಯಾದಲ್ಲಿ ಈಗ ಕಾಣುವ ಮೈದಾನಕ್ಕೆ ಕಡಿಮೆಯೆಂದರೂ 2,300 ವರ್ಷ. ಕ್ರೀಡಾಕೂಟ ಶುರುವಾದದ್ದು ಕ್ರಿ.ಪೂ. 776ರಲ್ಲಿ ಅಂತ ಗ್ರೀಕರ ಲೆಕ್ಕ.

ಗ್ರೀಸ್ ಪ್ರವಾಸದಲ್ಲಿ ನಾನು ಹಟ ಹಿಡಿದು ಅಲ್ಲಿಗೆ ಹೋದೆ. ಮೊದಲ ನೋಟಕ್ಕೆ ಸಪ್ಪೆ. ಕಂಬ ಇಲ್ಲ, ಗ್ಯಾಲರಿ ಇಲ್ಲ. ಸುತ್ತ ಹುಲ್ಲು ಬೆಳೆದ ಮಣ್ಣಿನ ದಿಬ್ಬ, ನಡುವೆ ಉದ್ದನೆಯ ಬಯಲು, ಅಷ್ಟೇ. ಸುಮಾರು 45,000 ಜನ ಈ ದಿಬ್ಬದ ಮೇಲೇ ಬಿಸಿಲಲ್ಲಿ ಕೂತು ನೋಡುತ್ತಿದ್ದರಂತೆ. ಕಲ್ಲಿನ ಆಸನ ಇದ್ದದ್ದು ತೀರ್ಪುಗಾರರಿಗೆ ಮಾತ್ರ. ಪ್ರವಾಹದ ಹೂಳು ತುಂಬಿ ಇಡೀ ಊರೇ ನೆಲದಡಿ ಮಲಗಿತ್ತು. 1875ರಿಂದ ಜರ್ಮನ್ನರು ಅಗೆಯುತ್ತಾ ಬಂದ ಮೇಲೆ ಒಂದೊಂದಾಗಿ ಹೊರಗೆ ಬಂತು.

ಆದರೆ ಓಟ ಶುರುವಾಗುವ ಕಲ್ಲಿನ ಸಾಲು ಹಾಗೇ ಇದೆ. ಅಡ್ಡಡ್ಡ ಹಾಸಿದ ಕಲ್ಲುಗಳು, ಅವುಗಳ ಉದ್ದಕ್ಕೂ ಕೊರೆದ ಎರಡು ಗೀರು. ಒಂದರಲ್ಲಿ ಒಂದು ಪಾದದ ಬೆರಳು, ಇನ್ನೊಂದರಲ್ಲಿ ಇನ್ನೊಂದರದ್ದು. ಎರಡರ ಮಧ್ಯೆ ಒಂದು ಗೇಣೂ ಇಲ್ಲ. ಅಂದರೆ ಅವರು ನಮ್ಮ ಹಾಗೆ ಕೈಯೂರಿ ಕೂರದೆ, ನಿಂತೇ ಓಡುತ್ತಿದ್ದರು. ಅಲ್ಲಿಂದ ಆ ತುದಿಗೆ 192 ಮೀಟರ್. ಬಂದವರೆಲ್ಲ ಅಲ್ಲಿ ನಿಂತು ಫೋಟೋ ತೆಗೆಸಿ, ಒಂದಿಷ್ಟು ದೂರ ಓಡಿ, ಏದುಸಿರು ಬಿಟ್ಟು ವಾಪಸ್ ನಡೆದು ಬರುತ್ತಾರೆ.

ತಮಾಷೆ ಅಂದರೆ ಹಳೇ ಒಲಿಂಪಿಕ್ಸ್‌ನಲ್ಲಿ ಗುಂಡು ಎಸೆತ ಇರಲೇ ಇಲ್ಲ! ಡಿಸ್ಕಸ್ ಇತ್ತು, ಜಾವೆಲಿನ್ ಇತ್ತು. ಈಗಿನವರು ಡಿಸ್ಕಸ್ ಎಸೆದರೆ 70 ಮೀಟರ್ ಹೋಗುತ್ತದೆ, ಸ್ವಲ್ಪ ಕೈತಪ್ಪಿದರೆ ದಿಬ್ಬದ ಮೇಲಿನ ಜನರ ತಲೆಗೇ. ಗುಂಡು ಹೆಚ್ಚೆಂದರೆ 23 ಮೀಟರ್ ಆಸುಪಾಸಿನಲ್ಲಿ ಧೊಪ್ಪಂತ ಬೀಳುತ್ತದೆ. ದೂರ ಹೋಗದೇ ಇರುವುದೂ ಒಮ್ಮೊಮ್ಮೆ ಉಪಯೋಗಕ್ಕೆ ಬರುತ್ತೆ ಅಲ್ವಾ! 2004ರ ಆಗಸ್ಟ್ 18ರಂದು ಜನ ದುಡ್ಡು ಕೊಡದೆ ಬಂದು ಹುಲ್ಲಿನ ಮೇಲೆ ಕೂತರು. ಎಲೆಕ್ಟ್ರಾನಿಕ್ ಸ್ಕೋರ್ ಬೋರ್ಡ್ ಇರಲಿಲ್ಲ. ಹಿಂದೆ ಮದುವೆಯಾದ ಹೆಂಗಸರು ಕೂಟ ನೋಡುವ ಹಾಗೇ ಇರಲಿಲ್ಲ. ಉತ್ತರದ ದಿಬ್ಬದ ಮೇಲಿನ ಬಲಿಪೀಠದ ಹತ್ತಿರ ಡಿಮೀಟರ್ ದೇವತೆಯ ಪೂಜಾರಿಣಿಗೆ ಮಾತ್ರ ಕೂರಲು ಜಾಗ. ಅಂಥ ಕಡೆ ಹೆಣ್ಣುಮಕ್ಕಳು ಗುಂಡು ಎಸೆದರು.

ಗೆದ್ದದ್ದು ರಷ್ಯಾದ ಇರಿನಾ ಕೊರ್ಝನೆಂಕೊ. 21.06 ಮೀಟರ್, ಉಳಿದವರಿಗಿಂತ ಒಂದು ಮೀಟರ್‌ಗೂ ಜಾಸ್ತಿ ಮುಂದೆ. ಕೆಲವೇ ದಿನಗಳಲ್ಲಿ ಡೋಪಿಂಗ್‌ನಲ್ಲಿ ಸಿಕ್ಕಿಬಿದ್ದಳು. ಚಿನ್ನ ಕ್ಯೂಬಾದ ಯುಮಿಲೆಯಿದಿ ಕುಂಬಾಗೆ ಹೋಯಿತು.

ಇನ್ನು ಗಂಡಸರ ಕಥೆ. ಅಮೆರಿಕದ ಆಡಂ ನೆಲ್ಸನ್ ಮೊದಲ ಎಸೆತದಲ್ಲೇ 21.16 ಹೊಡೆದ. ಆಮೇಲಿನ ಐದೂ ಫೌಲ್. ಐದು ಫೌಲ್ ಅಂದರೆ ಏನು ಅಂತ ಎಸೆದವರಿಗೇ ಗೊತ್ತು. ಗುಂಡು ಬಿಟ್ಟ ಮೇಲೆ ವೃತ್ತದೊಳಗೆ ಮೈ ನಿಲ್ಲಿಸುವುದೇ ಅರ್ಧ ಕೆಲಸ. ಉಕ್ರೇನ್‌ನ ಯೂರಿ ಬಿಲೊನೋಹ್ ಕೊನೇ ಎಸೆತದಲ್ಲಿ ಅಷ್ಟೇ ದೂರ, 21.16. ಸಮವಾದಾಗ ಎರಡನೇ ಒಳ್ಳೇ ಎಸೆತ ನೋಡುತ್ತಾರೆ. ನೆಲ್ಸನ್ ಹತ್ತಿರ ಎರಡನೆಯದೇ ಇರಲಿಲ್ಲ! 2012ರಲ್ಲಿ ಹಳೇ ಸ್ಯಾಂಪಲ್ ಮತ್ತೆ ಪರೀಕ್ಷೆ ಮಾಡಿದಾಗ ಬಿಲೊನೋಹ್ ಕೂಡ ಡೋಪಿಂಗ್ ಮಾಡಿದ್ದು ಬಯಲಾಯಿತು. ಮರುವರ್ಷ ನೆಲ್ಸನ್‌ಗೆ ಚಿನ್ನ ಕೊಟ್ಟರು, ಅಟ್ಲಾಂಟಾ ವಿಮಾನ ನಿಲ್ದಾಣದ ಫುಡ್ ಕೋರ್ಟ್‌ನಲ್ಲಿ. ಇಲ್ಲಿ ಗೆದ್ದ ಪದಕ, ಅಲ್ಲಿ ಬರ್ಗರ್ ವಾಸನೆಯ ಮಧ್ಯೆ ಕೈಗೆ!

ಇದೆಲ್ಲ ತಲೆಯಲ್ಲಿಟ್ಟುಕೊಂಡು ಮೈದಾನದ ಬಾಗಿಲಿಗೆ ಹೋಗಬೇಕು. ಕಲ್ಲಿನ ಕಮಾನಿಗೆ ಸ್ವಲ್ಪ ಮುಂಚೆ, ಎಡಗಡೆ, ಕ್ರೋನೋಸ್ ಗುಡ್ಡದ ಬುಡದಲ್ಲಿ 16 ಕಲ್ಲಿನ ಪೀಠಗಳ ಸಾಲಿದೆ. ಜಾಸ್ತಿ ಜನ ಅದರ ಕಡೆ ತಿರುಗಿಯೂ ನೋಡಲ್ಲ. ಒಂದು ಕಾಲಕ್ಕೆ ಅವುಗಳ ಮೇಲೆ ಗ್ರೀಕರ ಮುಖ್ಯ ದೇವರಾದ ಝೀಯಸ್‌ನ ಕಂಚಿನ ಪ್ರತಿಮೆಗಳಿದ್ದವು. ಮೋಸ ಮಾಡಿದ ಆಟಗಾರರಿಂದ ವಸೂಲಿ ಮಾಡಿದ ದಂಡದಲ್ಲಿ ಮಾಡಿಸಿದವು. ಕ್ರಿ.ಪೂ. 388ರಲ್ಲಿ ಯೂಪೊಲೋಸ್ ಅನ್ನುವ ಬಾಕ್ಸರ್ ಮೂವರು ಎದುರಾಳಿಗಳಿಗೆ ದುಡ್ಡು ತಿನ್ನಿಸಿದ. ಕೊಟ್ಟವನಿಗೂ ದಂಡ, ತಿಂದವರಿಗೂ ದಂಡ, ಒಟ್ಟು ಆರು ಪ್ರತಿಮೆ. ಕ್ರಿ.ಪೂ. 332ರಲ್ಲಿ ಅಥೆನ್ಸ್‌ನ ಕ್ಯಾಲಿಪ್ಪೋಸ್ ಹೀಗೇ ಸಿಕ್ಕಿಬಿದ್ದಾಗ ಅವನ ಊರಿನವರು ದಂಡ ಕೊಡಲ್ಲ ಅಂತ ಕೂಟಕ್ಕೇ ಬಹಿಷ್ಕಾರ ಹಾಕಿದರು. ದುಡ್ಡು ಕಟ್ಟುವ ತನಕ ನಿಮಗೆ ಭವಿಷ್ಯ ಹೇಳಲ್ಲ ಅಂತ ಡೆಲ್ಫಿಯ ದೇವಸ್ಥಾನ ಕೂತಿತು. ಆಮೇಲೆ ತೆಪ್ಪಗೆ ಕಟ್ಟಿದರು. ಇನ್ನಾರು ಪ್ರತಿಮೆ.

ನನಗೆ ತುಂಬಾ ಹಿಡಿಸಿದವನು ಅಲೆಕ್ಸಾಂಡ್ರಿಯಾದ ಸರಾಪಿಯಾನ್. ಪಾಪ, ಅವನು ಮೋಸ ಮಾಡಲಿಲ್ಲ. ಎದುರಾಳಿಗಳಿಗೆ ಹೆದರಿ, ಕುಸ್ತಿ ಮತ್ತು ಗುದ್ದಾಟ ಎರಡೂ ಸೇರಿದ ಪ್ಯಾಂಕ್ರೇಷನ್ ಸ್ಪರ್ಧೆಯ ಹಿಂದಿನ ದಿನ ಓಡಿಹೋದ. ಪುಕ್ಕಲುತನಕ್ಕೇ ದಂಡ ಹಾಕಿದರು.

ಕಣಕ್ಕೆ ಇಳಿಯುವ ಪ್ರತಿಯೊಬ್ಬನೂ ಈ ಸಾಲು ದಾಟಿಯೇ ಹೋಗಬೇಕಿತ್ತು. ಬೇಕಂತಲೇ ಅಲ್ಲಿ ಇಟ್ಟದ್ದು. ನನ್ನ ಕೇಳಿದರೆ 2004ರ ಲೆಕ್ಕಕ್ಕೆ ಅಲ್ಲಿ ಇನ್ನೂ ಎರಡು ಪೀಠ ಹಾಕಬೇಕಿತ್ತು, ಹಳೇ ನಿಯಮದ ಹಾಗೆ ಸಿಕ್ಕಿಬಿದ್ದವರ ಖರ್ಚಿನಲ್ಲೇ. ಜಾಗ ಬೇಕಾದಷ್ಟಿದೆ, ನೋಡಿ ಬಂದಿದ್ದೇನೆ.