ಪಾಪು ಬಾಟಲಿ ಹಾಲಿಗೆ ಕೊಸರಾಡಿದರೆ

ಬಾಟಲಿ ಹಾಲು ಕುಡಿಸುವಾಗ ಮಗು ಕೊಸರಾಡಿದರೆ ಮನೆಯಲ್ಲಿ ಎಲ್ಲರ ಕಣ್ಣು ಹೋಗುವುದು ಬಾಟಲಿ ಮೇಲಿನ ಗೆರೆಗೆ. "ಇನ್ನೂ ಅರ್ಧ ಹಾಗೇ ಇದೆಯಲ್ಲಮ್ಮ, ಹೇಗಾದ್ರೂ ಮಾಡಿ ಕುಡಿಸಿಬಿಡು." ಅತ್ತೆ ಹೇಳುತ್ತಾರೆ, ಪಕ್ಕದ ಮನೆ ಆಂಟಿ ಹೇಳುತ್ತಾರೆ, ಅರಸೀಕೆರೆಯಿಂದ ಫೋನ್ ಮಾಡುವ ಅಮ್ಮನೂ ಅದನ್ನೇ ಹೇಳುತ್ತಾರೆ. ಪ್ರೀತಿಯಿಂದಲೇ ಹೇಳುವುದು, ಅದರಲ್ಲಿ ಅನುಮಾನ ಇಲ್ಲ. ಆದರೆ ಬೇಡ ಅನ್ನುವ ಮಗುವಿನ ಬಾಯಿಗೆ ನಿಪ್ಪಲ್ ತುರುಕಿ ಬಾಟಲಿ ಖಾಲಿ ಮಾಡಿಸುವುದು ನನಗೆ ಒಪ್ಪಿಗೆ ಇಲ್ಲ. ಅದಕ್ಕೆ ಮಾತು ಬರಲ್ಲ, ಮೈಯಲ್ಲೇ ಹೇಳಬೇಕು. ಏನು ಹೇಳ್ತಿದೆ ಅಂತ ಮೊದಲು ನೋಡಬೇಕು, ಅಲ್ವಾ?

ನಾನು ಹಾಸನದ ಒಂದು ಖಾಸಗಿ ಶಾಲೆಯಲ್ಲಿ ಟೀಚರ್. ಕಾನೂನಿನಲ್ಲಿ ಹೆರಿಗೆ ರಜೆ 26 ವಾರ ಅಂತ ಇದೆ, 2017ರಲ್ಲೇ ಆಗಿರುವ ತಿದ್ದುಪಡಿ ಅದು. ನನಗೆ ಸಿಕ್ಕಿದ್ದು ಅದರ ಅರ್ಧ. ಹಾಗಾಗಿ ಪಾಪುವನ್ನು ಅತ್ತೆ ಹತ್ತಿರ ಬಿಟ್ಟು ಹೋಗುತ್ತೇನೆ, ಎದೆಹಾಲು ಹಿಂಡಿ ಫ್ರಿಜ್ಜಿನಲ್ಲಿಟ್ಟು ಹೋಗುತ್ತೇನೆ, ಸಾಲದಿದ್ದ ದಿನ ಡಾಕ್ಟರು ಬರೆದುಕೊಟ್ಟ ಪೌಡರ್ ಹಾಲು. ಅವಳಿಗೆ ಈಗ ನಾಲ್ಕು ತಿಂಗಳು. ಎರಡು ಗುಟುಕು ಕುಡಿದು ಬೆನ್ನನ್ನು ಬಿಲ್ಲಿನ ಹಾಗೆ ಬಗ್ಗಿಸಿ ಕಿರುಚಿದರೆ ಕೈಕಾಲು ಆಡದಂತಾಗುತ್ತದೆ. ಹಸಿದಿದ್ದಾಳೆ ಅಂತ ಗೊತ್ತು, ಆದರೂ ಕುಡಿಯುವುದಿಲ್ಲ.

ಎಷ್ಟೋ ಸಲ ಕಾರಣ ನಿಪ್ಪಲ್ಲಿನಲ್ಲೇ ಇರುತ್ತದೆ. ಮಗು ಚೀಪುವಾಗ ಬಾಟಲಿಯೊಳಗೆ ಗಮನ ಇಟ್ಟು ನೋಡಿ, ಸಣ್ಣ ಗುಳ್ಳೆಗಳು ಒಂದರ ಹಿಂದೆ ಒಂದು ಮೇಲೇರಬೇಕು. ಗುಳ್ಳೆ ಬರುತ್ತಿಲ್ಲ, ನಿಪ್ಪಲ್ ಚಪ್ಪಟೆಯಾಗಿ ಒಳಗೆ ಕೂತುಬಿಟ್ಟಿದೆ ಅಂದರೆ ಒಳಗೆ ಗಾಳಿ ಹೋಗುತ್ತಿಲ್ಲ, ಪಾಪ ಅದು ಎಷ್ಟು ಚೀಪಿದರೂ ಹಾಲು ಬರುವುದಿಲ್ಲ. ಮುಚ್ಚಳದ ರಿಂಗನ್ನು ಒಂಚೂರು ಸಡಿಲ ಮಾಡಿದರೆ ಸಾಕು, ಸುರ್ರಂತ ಗಾಳಿ ಎಳೆದುಕೊಂಡು ನಿಪ್ಪಲ್ ಮತ್ತೆ ಉಬ್ಬುತ್ತದೆ. ಇದಕ್ಕೆ ಉಲ್ಟಾ ಆದದ್ದೂ ಇರುತ್ತದೆ. ತೂತು ದೊಡ್ಡದಾಗಿ ಹಾಲು ಜಾಸ್ತಿ ನುಗ್ಗಿದರೆ ಮಗು ಗಟಗಟ ನುಂಗಿ ಕೆಮ್ಮುತ್ತದೆ, ಬಾಯಿಯ ಅಂಚಿನಿಂದ ಹಾಲು ಸೋರುತ್ತದೆ, ಮುಷ್ಟಿ ಬಿಗಿಯಾಗುತ್ತದೆ. ಕೆಲವರು ಬೇಗ ಮುಗಿಯಲಿ ಅಂತ ಕಾಯಿಸಿದ ಸೂಜಿಯಿಂದ ತೂತು ದೊಡ್ಡದು ಮಾಡುತ್ತಾರೆ. ದಯವಿಟ್ಟು ಮಾಡಬೇಡಿ, ಹಾಲು ನೆತ್ತಿಗೆ ಹತ್ತುತ್ತದೆ. ನಿಧಾನವಾಗಿ ಹನಿಯುವ ನಿಪ್ಪಲ್ ಬೇರೆಯೇ ಸಿಗುತ್ತದೆ, ಅದನ್ನೇ ಕೇಳಿ ತನ್ನಿ.

ಹಿಡಿದುಕೊಳ್ಳುವ ರೀತಿಯೂ ಮುಖ್ಯ. ಅಂಗಾತ ಮಲಗಿಸಿ ಬಾಟಲಿ ಎತ್ತಿ ಹಿಡಿದರೆ ಹಾಲು ತಾನಾಗಿ ಸುರಿಯುತ್ತದೆ, ಮಗುವಿಗೆ ನಿಲ್ಲಿಸುವ ಅವಕಾಶವೇ ಇಲ್ಲ. ನಾವು ಅವಳನ್ನು ತೊಡೆ ಮೇಲೆ ಹೆಚ್ಚುಕಮ್ಮಿ ಕೂತ ಹಾಗೆ ಇಟ್ಟುಕೊಂಡು, ತಲೆ ಕತ್ತಿಗೆ ಆಸರೆ ಕೊಟ್ಟು, ಬಾಟಲಿ ಅಡ್ಡಲಾಗಿ ಹಿಡಿಯುತ್ತೇವೆ. ನಿಪ್ಪಲ್ಲನ್ನು ತುಟಿಗೆ ಮುಟ್ಟಿಸಿ ಕಾಯುವುದು, ಅವಳೇ ಬಾಯಿ ತೆರೆಯಬೇಕು. ನಾಲ್ಕಾರು ಗುಟುಕಾದ ಮೇಲೆ ಬಾಟಲಿಯ ಬುಡ ಸ್ವಲ್ಪ ಕೆಳಗಿಳಿಸಿದರೆ ನಿಪ್ಪಲ್ಲಿಗೆ ಹಾಲು ಬರುವುದು ನಿಲ್ಲುತ್ತದೆ, ಉಸಿರು ತೆಗೆದುಕೊಳ್ಳುತ್ತಾಳೆ. ಮಧ್ಯೆ ಭುಜಕ್ಕೆ ಹಾಕಿಕೊಂಡು ಬೆನ್ನು ಸವರಿದರೆ ತೇಗು ಬರುತ್ತದೆ. ಆ ಒಂದು ತೇಗಿಗೇ ಅಷ್ಟು ಹೊತ್ತು ಒದ್ದಾಡಿದ್ದು ಅನ್ನಿಸುವಷ್ಟು ಮುಖ ಬದಲಾಗುತ್ತದೆ. ಕುಡಿದ ಮೇಲೂ ಇಪ್ಪತ್ತು ನಿಮಿಷ ಎತ್ತಿಕೊಂಡೇ ಇರುತ್ತೇವೆ, ಹಾಲು ಕಕ್ಕುವುದು ಕಮ್ಮಿ.

ಇನ್ನೊಂದು, ಅಳುವವರೆಗೆ ಕಾಯಬಾರದು. ಕೈ ಬಾಯಿಗೆ ಹೋಗುವುದು, ತಲೆ ಆ ಕಡೆ ಈ ಕಡೆ ತಿರುಗಿಸಿ ಹುಡುಕುವುದು, ತುಟಿ ಚಪ್ಪರಿಸುವುದು, ಇವೇ ಹಸಿವು. ಅಳು ಶುರುವಾಗುವುದು ಆಮೇಲೆ, ಅಷ್ಟರಲ್ಲಿ ಅದಕ್ಕೆ ಕುಡಿಯುವ ತಾಳ್ಮೆಯೇ ಇರುವುದಿಲ್ಲ. ಆಗ ಮೊದಲು ಎತ್ತಿಕೊಂಡು ಓಡಾಡಿ ಸಮಾಧಾನ ಮಾಡಿ, ಬಾಟಲಿ ಆಮೇಲೆ.

ನಾಲ್ಕು ತಿಂಗಳ ಹೊತ್ತಿಗೆ ಮಕ್ಕಳಿಗೆ ಲೋಕವೆಲ್ಲ ಕಾಣಲು ಶುರುವಾಗುತ್ತದೆ. ಟೀವಿ ಸದ್ದು, ಮಿಕ್ಸಿ, ಬಾಗಿಲಲ್ಲಿ ಯಾರೋ ಮಾತಾಡಿದ್ದು, ಎಲ್ಲದಕ್ಕೂ ತಲೆ ತಿರುಗಬೇಕು. ನಮ್ಮ ಅತ್ತೆ ಈಗ ದೇವರ ಮನೆ ಪಕ್ಕದ ಸಣ್ಣ ರೂಮಿನಲ್ಲಿ ಪರದೆ ಎಳೆದು ಕುಡಿಸುತ್ತಾರೆ, ಮೆಲ್ಲಗೆ ಏನೋ ಗುನುಗುತ್ತಾ. ಹಾಸನದ ಮಳೆಗಾಲದ ಚಳಿ ಅಂತ ಸ್ವೆಟರ್ ಮೇಲೆ ಸ್ವೆಟರ್, ಉಲ್ಲನ್ ಟೋಪಿ ಹಾಕಿದ್ದನ್ನು ಹಾಲು ಕುಡಿಸುವಾಗ ಒಂದು ಪದರ ತೆಗೆದದ್ದೂ ಸಹಾಯ ಆಯಿತು. ಸೆಕೆಗೂ ಮಗು ಕಿರಿಕಿರಿ ಮಾಡುತ್ತದೆ. ಹಾಲು ಮಾತ್ರ ಬೇಗ ಆರುತ್ತದೆ, ಅದಕ್ಕೆ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟುಕೊಂಡು, ಮಣಿಕಟ್ಟಿನ ಒಳಗಡೆ ಒಂದು ಹನಿ ಬಿಟ್ಟು ನೋಡಿ ಕೊಡುತ್ತೇವೆ.

ಫ್ರಿಜ್ಜಿನಲ್ಲಿಟ್ಟ ಎದೆಹಾಲನ್ನು ಮಾತ್ರ ಬೇಡ ಅನ್ನುತ್ತಿದ್ದರೆ ವಾಸನೆ ನೋಡಿ. ಕೆಲವರ ಹಾಲು ಇಟ್ಟಷ್ಟೂ ಸೋಪಿನ ವಾಸನೆ ಬರುತ್ತದೆ. ಹಾಲಿನಲ್ಲೇ ಇರುವ ಲೈಪೇಸ್ ಅನ್ನುವ ಎಂಜೈಮ್ ಕೊಬ್ಬನ್ನು ಒಡೆಯುವುದರಿಂದ ಹಾಗೆ. ಹಾಲು ಕೆಟ್ಟಿಲ್ಲ, ಆದರೆ ಕೆಲವು ಮಕ್ಕಳಿಗೆ ರುಚಿಸುವುದಿಲ್ಲ. ಆದಷ್ಟು ಅವತ್ತು ಹಿಂಡಿದ್ದನ್ನು ಅವತ್ತೇ ಕೊಡುವುದು ಸುಲಭದ ದಾರಿ.

ಪೌಡರ್ ಹಾಲಿನಲ್ಲಿ ಅಳತೆ ಬದಲಿಸುವುದು ಬೇಡವೇ ಬೇಡ. ಗಟ್ಟಿ ಮಾಡಿದರೆ ಹೊಟ್ಟೆ ತುಂಬುತ್ತೆ, ನಿದ್ದೆ ಮಾಡುತ್ತೆ ಅಂತ ಒಂದು ಚಮಚ ಜಾಸ್ತಿ ಹಾಕಿದರೆ ಮಲಬದ್ಧತೆ ಆಗಬಹುದು. ನೀರು ಜಾಸ್ತಿ ಮಾಡಿದರೆ ಶಕ್ತಿ ಸಾಲದೆ ತೂಕ ಇಳಿಯುತ್ತದೆ. ಡಬ್ಬಿಯಲ್ಲಿ ಬರೆದಷ್ಟೇ. ಅಳುತ್ತೆ ಅಂತ ಬಜೆ ತೇಯ್ದು ನೆಕ್ಕಿಸುವುದು, ಜೇನು, ಗ್ರೈಪ್ ವಾಟರ್ ಇವೂ ಬೇಡ. ಜೇನಂತೂ ಒಂದು ವರ್ಷ ತುಂಬುವವರೆಗೆ ಮುಟ್ಟಿಸಲೇಬಾರದು.

ಅತ್ತೆಯ ಒಂದು ಮಾತು ಮಾತ್ರ ನನಗೆ ಬಹಳ ಹಿಡಿಸಿತು. "ಬಾಟ್ಲಿ ಬೇಡ ಅಂದ್ರೆ ಒಳಲೇಲಿ ಕುಡೀಲಿ ಬಿಡು" ಅಂದರು. ಒಳಲೆ ಅಂದರೆ ಮಕ್ಕಳಿಗೆ ಹಾಲು ಕುಡಿಸುವ ಮೂತಿ ಇರುವ ಸಣ್ಣ ಬಟ್ಟಲು. ನನ್ನ ಗಂಡ ಮಗುವಾಗಿದ್ದಾಗ ಕುಡಿದ ಬೆಳ್ಳಿ ಒಳಲೆ ಟ್ರಂಕಿನಲ್ಲಿತ್ತು, ತೊಳೆದು ಕುದಿಸಿ ತಂದರು. ಮಕ್ಕಳ ಡಾಕ್ಟರನ್ನು ಕೇಳಿದರೆ ಅವರಿಗೂ ಖುಷಿ. ಬಾಟಲಿಯ ಮೂಲೆ, ನಿಪ್ಪಲ್ಲಿನ ಒಳಮೈ ಪೂರ್ತಿ ತೊಳೆಯುವುದು ಕಷ್ಟ, ಭೇದಿಯ ಭಯ, ಒಳಲೆಯಾದರೆ ಮೂಲೆಯೇ ಇಲ್ಲ ಅಂದರು. ಪಾಪುವನ್ನು ಕೂರಿಸಿಕೊಂಡು ಒಳಲೆಯ ಮೂತಿಯನ್ನು ಕೆಳತುಟಿಗೆ ಆನಿಸಿ, ಹಾಲು ತುಟಿಗೆ ತಾಗುವಷ್ಟು ಬಗ್ಗಿಸಬೇಕು, ಸುರಿಯಬಾರದು. ಅವಳು ನಾಲಿಗೆ ಚಾಚಿ ಹೀರುತ್ತಾಳೆ, ನುಂಗುತ್ತಾಳೆ, ಮತ್ತೆ ನಾಲಿಗೆ. ಎದೆ ಮೇಲೆ ಒಂದಿಷ್ಟು ಚೆಲ್ಲುತ್ತದೆ, ಚೆಲ್ಲಲಿ, ಜೊಲ್ಲು ಬಟ್ಟೆ ಇದೆಯಲ್ಲ. ಮಧ್ಯಾಹ್ನದ ಹಾಲು ಈಗ ಒಳಲೆಯಲ್ಲೇ ನಡೆಯುತ್ತಿದೆ.

ಸಾಕಾಯ್ತಾ ಅಂತ ತಿಳಿಯುವುದು ಹೇಗೆ ಅಂತ ತುಂಬಾ ಜನ ಕೇಳುತ್ತಾರೆ. ಕೈ ಬಿಚ್ಚಿಕೊಳ್ಳುತ್ತದೆ, ಮುಖ ತಿರುಗಿಸುತ್ತದೆ, ನಿಪ್ಪಲ್ಲನ್ನು ನಾಲಿಗೆಯಿಂದ ಹೊರಗೆ ದೂಡುತ್ತದೆ. ಅಲ್ಲಿಗೆ ನಿಲ್ಲಿಸಿ, ಅದು ಬಾಯಿ ಇಟ್ಟ ಪೌಡರ್ ಹಾಲು ಉಳಿದರೆ ಒಂದು ಗಂಟೆಯೊಳಗೆ ಚೆಲ್ಲಿಬಿಡಿ. ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಉಚ್ಚೆ ಮಾಡುತ್ತಿದ್ದರೆ, ಅಂಗನವಾಡಿಯಲ್ಲಿ ತೂಕ ಹಾಕಿಸಿ ತಾಯಿ ಕಾರ್ಡಿನಲ್ಲಿ ಬರೆಸಿದ ಗೆರೆ ಮೇಲೇರುತ್ತಿದ್ದರೆ, ಒಂದು ಹೊತ್ತು ಅರ್ಧ ಬಾಟಲಿ ಉಳಿದದ್ದಕ್ಕೆ ಹೆದರಬೇಡಿ. ಆದರೆ ಉಚ್ಚೆ ಕಮ್ಮಿಯಾದರೆ, ನೆತ್ತಿ ಗುಳಿ ಬಿದ್ದರೆ, ಹಸಿರು ವಾಂತಿಯಾದರೆ, ಕಕ್ಕದಲ್ಲಿ ರಕ್ತ ಕಂಡರೆ, ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಜ್ವರ ಬಂದರೆ ದೃಷ್ಟಿ ತೆಗೆದು ಕೂರಬೇಡಿ, ತಕ್ಷಣ ಡಾಕ್ಟರ ಹತ್ತಿರ ಹೋಗಿ. ಬಾಯೊಳಗೆ ಬಿಳಿ ಪದರ ಕಟ್ಟಿ ಒರೆಸಿದರೂ ಹೋಗದಿದ್ದರೆ ಅದನ್ನೂ ತೋರಿಸಿ. ಅದು ಉರಿಯುತ್ತಿದ್ದರೆ ಯಾವ ಬಾಟಲಿ ಬದಲಿಸಿದರೂ ಮಗು ಕುಡಿಯುವುದಿಲ್ಲ.