ಬೊನಾಟ್ಟಿ ಹೆಸರಿನ ಸೂರಿನಡಿ

ಮೌಂಟ್ ಬ್ಲಾಂಕ್ ಪರ್ವತಸಮೂಹವನ್ನು ಸುತ್ತುವ ಚಾರಣದ ದಾರಿ ಸುಮಾರು 170 ಕಿ.ಮೀ. ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಮೂರರಲ್ಲೂ ಹಾದುಹೋಗುತ್ತದೆ. ಫ್ರಾನ್ಸ್ ಕಡೆ ಮಳೆ, ಮಂಜು ಬಿಟ್ಟರೆ ನನಗೇನೂ ಕಾಣಲಿಲ್ಲ. ಹಾಗಾಗಿ ನೇರ ಇಟಲಿಗೆ ಬರುತ್ತೇನೆ.

ಕೂರ್ಮಾಯೋರ್ ಪಟ್ಟಣದಿಂದ ಏರಿ, ವಾಲ್ ಫೆರೆ ಕಣಿವೆಯ ಮಗ್ಗುಲಲ್ಲೇ ನಡೆದು ಹೋದರೆ 2025 ಮೀಟರ್ ಎತ್ತರದಲ್ಲಿ ಬೊನಾಟ್ಟಿ ರಿಫುಜಿಯೊ ಸಿಗುತ್ತದೆ. ಚಾರಣಿಗರು ರಾತ್ರಿ ತಂಗಲೆಂದು 1998ರಲ್ಲಿ ತೆರೆದ ಮನೆ. ಎದುರಿಗೆ, ಕಣಿವೆಯಾಚೆ, 4208 ಮೀಟರಿನ ಗ್ರಾಂದ್ ಜೊರಾಸ್ ಶಿಖರ. ಪಟ್ಟಣದ ಥಳಕಿನ ಅಂಗಡಿಬೀದಿ ನನಗೆ ಹಿಡಿಸಿರಲಿಲ್ಲ. ಇಲ್ಲಿನ ಉದ್ದ ಬೆಂಚು, ಬಿಸಿ ಸೂಪು ಎರಡೂ ಹಿಡಿಸಿದವು.

ಇಂಥ ಮನೆಗಳಲ್ಲಿ ಬೂಟನ್ನು ಬಾಗಿಲ ಬಳಿಯೇ ಬಿಚ್ಚಿಡಬೇಕು. ಹಿಂದೆ ತಂಗಿದ್ದ ಒಂದು ಕಡೆ ಯಾರೋ ನಸುಕಿನಲ್ಲಿ ನನ್ನ ಬೂಟು ಹಾಕಿಕೊಂಡು ಹೊರಟುಬಿಟ್ಟಿದ್ದರು. ಬಿಟ್ಟುಹೋದದ್ದು ಅದೇ ಬಣ್ಣದ, ಆದರೆ ಒಂದು ಸೈಜ್ ಚಿಕ್ಕ ಜೋಡಿ. ಅದನ್ನೇ ತೊಟ್ಟು ಇಳಿದು ಅವರನ್ನು ಹಿಡಿಯುವಷ್ಟರಲ್ಲಿ ಎರಡೂ ಹೆಬ್ಬೆರಳ ಉಗುರು ಕಪ್ಪಾಗಿದ್ದವು. ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಲೇಸಿಗೆ ಎದ್ದು ಕಾಣುವ ಬಣ್ಣದ ದಾರ ಕಟ್ಟಿ, ಎರಡೂ ಬೂಟುಗಳನ್ನು ಒಟ್ಟಿಗೆ ಗಂಟು ಹಾಕಿಡಿ.

ಊಟಕ್ಕೆ ಎಲ್ಲರೂ ಒಂದೇ ಹೊತ್ತಿಗೆ, ಗುರುತಿಲ್ಲದವರ ಪಕ್ಕವೇ ಕೂರಬೇಕು. ನನ್ನ ಪಕ್ಕದಲ್ಲಿದ್ದ ಇಟಲಿಯ ಹಿರಿಯರೊಬ್ಬರು ಚಪ್ಪಲಿಯಲ್ಲಿದ್ದ ನನ್ನ ಬೆರಳುಗಳನ್ನು ನೋಡಿ ಏನಾಯಿತೆಂದು ವಿಚಾರಿಸಿದರು. ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಹ್ದಿ ಗೊತ್ತೇ ನಿಮಗೆ?" ಎಂದರು.

ಈ ಮನೆಗೆ ಯಾರ ಹೆಸರಿಟ್ಟಿದ್ದಾರೋ ಆ ಪರ್ವತಾರೋಹಿ ವಾಲ್ಟರ್ ಬೊನಾಟ್ಟಿ ಗೊತ್ತಿತ್ತು. 1965ರ ಚಳಿಗಾಲದಲ್ಲಿ ಮ್ಯಾಟರ್‌ಹಾರ್ನ್‌ನ ಉತ್ತರ ಗೋಡೆಯನ್ನು ಒಬ್ಬನೇ ಹತ್ತಿದವನು. ಮಹ್ದಿ ಗೊತ್ತಿರಲಿಲ್ಲ.

"1954, ಕೆ2, ಜಗತ್ತಿನ ಎರಡನೇ ಅತಿ ಎತ್ತರದ ಶಿಖರ. ಬೊನಾಟ್ಟಿಗೆ ಇಪ್ಪತ್ತನಾಲ್ಕು. ಪಾಕಿಸ್ತಾನದ ಹುಂಜಾ ಕಣಿವೆಯ ಅಮೀರ್ ಮಹ್ದಿ ಜೊತೆ ಆಕ್ಸಿಜನ್ ಸಿಲಿಂಡರ್ ಹೊತ್ತು ಮೇಲೆ ಹೋದ. ಮಾರನೆಯ ದಿನ ಶಿಖರಕ್ಕೆ ಹೊರಡುವ ಇಬ್ಬರಿಗಾಗಿ. ಆದರೆ ಆ ಇಬ್ಬರು ಡೇರೆಯನ್ನು ಮಾತಾಡಿಕೊಂಡ ಜಾಗದಲ್ಲಿ ಹಾಕಿರಲಿಲ್ಲ, ಇನ್ನೂ ಮೇಲೆ ಹಾಕಿದ್ದರು. ಕತ್ತಲಾಯಿತು. ಎಂಟು ಸಾವಿರ ಮೀಟರಿಗೂ ಮೇಲೆ, ಡೇರೆಯಿಲ್ಲ, ಸ್ಲೀಪಿಂಗ್ ಬ್ಯಾಗ್ ಇಲ್ಲ, ಒಲೆಯಿಲ್ಲ. ಹಿಮದಲ್ಲಿ ಕೂರುವಷ್ಟು ಜಾಗ ಕಡಿದುಕೊಂಡು ಕೂತರು."

"ಬದುಕಿದರೇ?"

"ಇಬ್ಬರೂ. ಮಹ್ದಿ ಕಾಲಲ್ಲಿದ್ದದ್ದು ಸೇನೆಯ ಸಾಮಾನ್ಯ ಬೂಟು. ಕಾಲ್ಬೆರಳುಗಳೆಲ್ಲ ಹೋದವು."

ನಾನು ಕಾಲನ್ನು ಬೆಂಚಿನಡಿ ಎಳೆದುಕೊಂಡೆ. ಅವರು ನನ್ನ ನೋವನ್ನು ಹಗುರ ಮಾಡಲು ಹೇಳಿರಲಿಲ್ಲ. ಬೆರಳು ಕಂಡಾಗ ಅವರಿಗೆ ಆ ಹೆಸರು ನೆನಪಾಗಿತ್ತು, ಅಷ್ಟೆ. ನನ್ನ ಮನಸ್ಸನ್ನು ತಟ್ಟಿದ್ದೂ ಅದೇ.

ಆಮೇಲೆ ಅವರು ಹೇಳಿದ್ದು: ತಾನೇ ಶಿಖರ ಏರಲೆಂದು ಬೊನಾಟ್ಟಿ ಆಕ್ಸಿಜನ್ ಬಳಸಿಕೊಂಡನೆಂಬ ಆರೋಪ 1964ರಲ್ಲಿ ಪತ್ರಿಕೆಯಲ್ಲಿ ಬಂತು. ಆತನ ಬಳಿ ಮಾಸ್ಕೇ ಇರಲಿಲ್ಲ, ಅವು ಮೇಲಿನವರ ಹತ್ತಿರ ಇದ್ದವು. ಮಾನನಷ್ಟ ಮೊಕದ್ದಮೆ ಗೆದ್ದ. ಆದರೂ ಇಟಲಿಯ ಆಲ್ಪೈನ್ ಕ್ಲಬ್ ಆತನ ಮಾತನ್ನು ಅಧಿಕೃತವಾಗಿ ಒಪ್ಪಿದ್ದು 2008ರಲ್ಲಿ. ಅದನ್ನು ನೋಡುವಷ್ಟು ಕಾಲ ಬೊನಾಟ್ಟಿ ಬದುಕಿದ್ದ, ತೀರಿಕೊಂಡದ್ದು 2011ರಲ್ಲಿ.

"ಮಹ್ದಿ?"

"1999ರಲ್ಲೇ ಹೋದ."

ಉಳಿದವರು ಮಲಗಲು ಎದ್ದರು. ರಾತ್ರಿ ಹತ್ತಕ್ಕೆ ದೀಪ ಆರಿಸುತ್ತಾರೆ, ಹೆಡ್ ಟಾರ್ಚ್ ಕೈಗೆ ಸಿಗುವಂತೆ ಇಟ್ಟುಕೊಂಡಿರಬೇಕು. ಹಾಸಿಗೆಗೆ ಸ್ವಂತ ಲೈನರ್, ಅಂದರೆ ಒಳಗೆ ಹೊಕ್ಕು ಮಲಗುವ ತೆಳು ಬಟ್ಟೆಯ ಚೀಲ, ಬೇಕೇ ಬೇಕು. ಹಿರಿಯರು ನನ್ನ ತಟ್ಟೆಯನ್ನೂ ಎತ್ತಿಕೊಂಡು ಹೋದರು.

ಮರುದಿನ 2537 ಮೀಟರಿನ ಗ್ರಾಂ ಕೋಲ್ ಫೆರೆ ಕಣಿವೆದಾರಿ ದಾಟಿ ಸ್ವಿಟ್ಜರ್ಲೆಂಡಿಗೆ ಇಳಿಯುವಾಗ ಜೊತೆಗೆ ಸಿಕ್ಕ ಇಬ್ಬರು ಹುಡುಗಿಯರು ಬೊನಾಟ್ಟಿ ಯಾರೆಂದು ಕೇಳಿದರು. ನಾನು ಮಹ್ದಿಯಿಂದ ಶುರು ಮಾಡಿದೆ.