ಮನೆ ಯಾರದು?

ಇಂಡೋನೇಷ್ಯಾದ ಪಾದಾಂಗ್‌ನಿಂದ ವ್ಯಾನಿನಲ್ಲಿ ಬೆಟ್ಟ ಹತ್ತಿ, ಸೊಂಟ ಬಿದ್ದುಹೋದ ಮೇಲೆ ಪರಿಯಾಂಗನ್ ಸಿಕ್ಕಿತು. ಪಶ್ಚಿಮ ಸುಮಾತ್ರಾದಲ್ಲಿ, ಮರಾಪಿ ಜ್ವಾಲಾಮುಖಿಯ ಮಗ್ಗುಲಲ್ಲಿರುವ ಮಿನಾಂಗ್‌ಕಬಾವ್ ಜನರ ಹಳ್ಳಿ. ಸುತ್ತ ಗದ್ದೆ, ನಡುವೆ ಕಂಬಳದ ಕೋಣದ ಕೊಂಬಿನ ಹಾಗೆ ಚಾವಣಿ ಎತ್ತಿಕೊಂಡ ಮರದ ಮನೆಗಳು.

ಜಗಲಿಯಲ್ಲಿ ಕೂತಿದ್ದ ಹಿರಿಯರನ್ನು ಡ್ರೈವರ್ ಮೂಲಕ ಕೇಳಿದೆ, 'ಮನೆ ನಿಮ್ಮದಾ?' ನಕ್ಕರು. 'ಹೆಂಡತಿಯದು. ಅವಳಿಗೆ ಅವಳ ಅಮ್ಮನಿಂದ ಬಂದದ್ದು. ನನ್ನ ಮಾತು ನಡೆಯೋದು ಅಕ್ಕನ ಮನೆಯಲ್ಲಿ!'

ತಲೆಮಾರಿನಿಂದ ಬಂದ ಗದ್ದೆಯೂ ಅಲ್ಲಿ ಹೆಣ್ಣುಮಕ್ಕಳಿಗೇ. ಮೇಲ್ವಿಚಾರಣೆ ಸೋದರಮಾವನದು. ಹುಡುಗರು ದುಡಿಯಲು ಪರವೂರಿಗೆ ಹೋಗುತ್ತಾರೆ, ಅದಕ್ಕೆ 'ಮೆರಾಂತಾವ್' ಅಂತಲೇ ಹೆಸರಿದೆ.

ಉಡುಪಿಯವಳಾದ ನನಗೆ ಇದೆಲ್ಲ ಹೊಸದೇನಲ್ಲ, ಅಜ್ಜಿ ಹೇಳುತ್ತಿದ್ದ ಅಳಿಯಸಂತಾನವೇ ಅಲ್ವಾ? ನಮ್ಮ ತರವಾಡು ಮನೆ, ಅಂದರೆ ಕುಟುಂಬದ ಮೂಲಮನೆ, ಮಾತ್ರ ಪಾಲಾಗಿ ಹೋಯಿತು. ಅಜ್ಜಿ ಇದ್ದಿದ್ದರೆ ಆ ಹಿರಿಯರ ಹೆಂಡತಿಯ ಜೊತೆ ಎಲೆಯಡಿಕೆ ಹಾಕುತ್ತಾ ಕೂತುಬಿಡುತ್ತಿದ್ದಳು.